ಸೋತವರ ಪಟ್ಟಿ

ಕುದುರೆಗಳಿಗೆಂದು ಇಟ್ಟಿದ್ದ ಮೆಕ್ಕೆಜೋಳವನ್ನು ಸಿಪಾಯಿಗಳಿಗೆ ಹುರಿದು ಕೊಡು ಎಂದು ಕ್ಯಾಪ್ಟನ್ ಟ್ಯಾರಂಟ್ ಹೇಳಿದ ದಿನವೇ ಮಿಂಗೋಗೆ ಗೊತ್ತಾಗಿಹೋಯಿತು, ಈ ದಂಡಿನ ಕಥೆ ಮುಗಿಯಿತು ಅಂತ.

ತೆನೆಯಿಂದ ಕಾಳು ಬಿಡಿಸಿದ. ಸೌದೆ ಇರಲಿಲ್ಲ, ಯಾರದೋ ಹೊಲದ ಬೇಲಿ ಕಿತ್ತು ತಂದು ಉರಿ ಹಾಕಿದ. ಬಾಣಲೆಯಲ್ಲಿ ಹುರಿದು ಹಂಚಿದ. ಒಬ್ಬೊಬ್ಬನಿಗೆ ಎರಡು ಹಿಡಿ. ಕಲ್ಲಿನಂಥ ಕಾಳು. ಅಗಿದು ಅಗಿದು ಸಿಪಾಯಿಗಳ ಒಸಡಿನಲ್ಲಿ ರಕ್ತ ಬಂತು. ಕುದುರೆಗಳು ಸುಮ್ಮನೆ ನಿಂತು ನೋಡಿದವು. ಎಲ್ಲರಿಗೂ ಹಂಚಿ ಮುಗಿದ ಮೇಲೆ ಬಾಣಲೆಯ ತಳಕ್ಕೆ ಹತ್ತಿದ್ದ ಕರಿಕನ್ನು ಮಿಂಗೋ ಕೆರೆದು ತಿಂದ. ಅದು ಅವನ ಪಾಲು. ಎರಡು ವರ್ಷದಿಂದ ಅದೇ ಅವನ ಪಾಲು.

ಪೀಟರ್ಸ್‌ಬರ್ಗಿನ ಕಂದಕಗಳನ್ನು ಬಿಟ್ಟು ದಂಡು ಪಡುವಣಕ್ಕೆ ಓಡಲು ತೊಡಗಿ ನಾಲ್ಕು ದಿನವಾಗಿತ್ತು. ಬೂದು ಅಂಗಿಯ ದಕ್ಷಿಣದವರು ಮುಂದೆ, ನೀಲಿ ಅಂಗಿಯ ಉತ್ತರದವರು, ಅಂದರೆ ಯಾಂಕಿಗಳು, ಹಿಂದೆ. ಏಪ್ರಿಲ್ ಮಳೆಗೆ ವರ್ಜೀನಿಯಾದ ಕೆಂಪು ಮಣ್ಣು ಗಂಜಿಯಾಗಿತ್ತು. ಗಾಡಿಯ ಚಕ್ರ ಅಚ್ಚಿನವರೆಗೆ ಹೂತುಕೊಂಡರೆ ಹೆಗಲು ಕೊಡುವವರು ಕರಿಯರು. ಹೇಸರಗತ್ತೆ ಬಿದ್ದು ಸತ್ತರೆ ಅದರ ಜಾಗದಲ್ಲಿ ಹಗ್ಗ ಹಿಡಿದು ಎಳೆಯುವವರು ಕರಿಯರು. ಯಾರನ್ನು ಗುಲಾಮರಾಗಿಯೇ ಇಟ್ಟುಕೊಳ್ಳಬೇಕೆಂದು ಈ ದಂಡು ನಾಲ್ಕು ವರ್ಷ ಹೊಡೆದಾಡಿತೋ ಅವರೇ ಅದಕ್ಕೆ ಬೇಯಿಸಿ ಹಾಕಿದರು, ಬಟ್ಟೆ ಒಗೆದರು, ಹೆಣ ಹೂತರು. ಸಂಬಳ ಇಲ್ಲ. ಬಂದೂಕು ಇಲ್ಲ. ಗುಂಡು ಮಾತ್ರ ಎಲ್ಲರಿಗೂ ಬೀಳುವ ಹಾಗೆ ಇವರಿಗೂ ಬೀಳುತ್ತಿತ್ತು.

ಐದನೆಯ ದಿನ ಗಾಡಿಗಳಿಗೆ ಬೆಂಕಿ ಇಟ್ಟರು. ಯಾಂಕಿಗಳ ಕೈಗೆ ಸಿಗಬಾರದಂತೆ. ಕ್ಯಾಪ್ಟನ್ನನ ತಗಡಿನ ಪೆಟ್ಟಿಗೆಯನ್ನು ಇಳಿಸಿ ಮಿಂಗೋ ಬೆನ್ನಿಗೆ ಹಗ್ಗದಲ್ಲಿ ಬಿಗಿದರು. ಅದರೊಳಗೆ ಎರಡು ಕೋಟು, ಒಂದು ಬೈಬಲ್ಲು, ಅಲಬಾಮಾದಿಂದ ಬಂದ ಕಾಗದಗಳು, ಒಂದು ಸಲವೂ ಕಾಲಿಗೆ ಹಾಕದ ಹೊಸ ಬೂಟು. ಮಿಂಗೋ ಬರಿಗಾಲಿನಲ್ಲಿ ಆ ಬೂಟುಗಳನ್ನು ಹೊತ್ತು ನಡೆದ. ಪೆಟ್ಟಿಗೆಯ ಮೂಲೆ ಸೊಂಟಕ್ಕೆ ಒತ್ತಿ ಒತ್ತಿ ಚರ್ಮ ಕಿತ್ತುಬಂತು. ಅಂಗಿ ಹುಣ್ಣಿಗೆ ಅಂಟಿಕೊಂಡಿತು.

ಆದರೂ ಅವನ ಮುಖದಲ್ಲಿ ಒಂದು ನಗು ಇತ್ತು. ಪಕ್ಕದಲ್ಲಿ ಹೇಸರಗತ್ತೆ ಹೊಡೆದುಕೊಂಡು ಬರುತ್ತಿದ್ದ ಮುದುಕ ಜೂಬಾ ಅದನ್ನು ಗಮನಿಸಿಯೇಬಿಟ್ಟ. ಜೂಬಾ ಕ್ಯಾಪ್ಟನ್ನನ ಮನೆಯಲ್ಲಿ ಹುಟ್ಟಿದ ಗುಲಾಮ, ಅಲಬಾಮಾದವನು. ದಂಡಿನ ಕರಿಯರಿಗೆಲ್ಲ ಅವನು ಮಾವ.

“ಏನ್ಲಾ ಮಿಂಗೋ, ಮದ್ವೆ ದಿಬ್ಬಣಕ್ಕೆ ಬಂದಂಗೆ ನಗ್ತಾ ನಡೀತಿದೀಯಲ್ಲ. ಬೆನ್ ಮೇಲೆ ಪೆಟ್ಗೆ, ಬೆನ್ ಹಿಂದೆ ತೋಪು. ನಗು ಎಲ್ಲಿಂದ ಬತ್ತದ್ಲಾ ನಿಂಗೆ?”

“ಮಾವ, ಸೂರ್ಯ ಯಾವ್ ಕಡೆ ಇಳೀತಾವ್ನೆ ನೋಡು.”

“ಪಡುವಣಕ್ಕೆ. ಇನ್ನೆಲ್ ಇಳೀತಾನೆ, ನಿನ್ ಬಾಣ್ಲೆಗಾ?”

“ಲಿಂಚ್‌ಬರ್ಗೂ ಅಲ್ಲೇ ಇರೋದು. ಈ ದಂಡು ಸೋಲ್ತಾ ಸೋಲ್ತಾ ನನ್ ಹೆಂಡ್ತಿ ಊರ್ ಕಡೀಕೇ ಹೋಯ್ತಾ ಐತೆ ಮಾವ. ಇನ್ನೊಂದ್ ಎರಡ್ ಸಲ ಸೋತ್ರೆ ಅವಳ ಬಾಗ್ಲಿಗೇ ತಂದು ಬಿಡ್ತಾರೆ.”

ಜೂಬಾ ಕೆಮ್ಮಿ ಕೆಮ್ಮಿ ನಕ್ಕ. “ದೇವ್ರು ನಿನ್ನಂಥೋರ್ಗೇ ಅಂತ ಒಂದು ಯುದ್ಧ ಮಾಡ್ಸವ್ನೆ ಕಣ್ಲಾ.”

ಮಿಂಗೋನ ಹೆಂಡತಿ ಡೆಲ್ಫಿ ಲಿಂಚ್‌ಬರ್ಗಿನ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವನೂ ಅದೇ ಊರಿನ ಹೊಗೆಸೊಪ್ಪಿನ ಕಾರ್ಖಾನೆಯಲ್ಲಿ ಇದ್ದವನು. ಎರಡು ವರ್ಷದ ಕೆಳಗೆ ಅವನ ಹಳೆಯ ಧಣಿ ಅವನನ್ನು ರಿಚ್‌ಮಂಡಿಗೆ ಕರೆದೊಯ್ದು ಕ್ಯಾಪ್ಟನ್ ಟ್ಯಾರಂಟನಿಗೆ ಮಾರಿದ. ಹೆಂಡತಿಗೆ ಒಂದು ಮಾತು ಹೇಳಿ ಬರುತ್ತೇನೆ ಅಂದಿದ್ದಕ್ಕೆ ಹಳೆಯ ಧಣಿ, “ನಾನು ಹೇಳ್ತೀನಿ ಬಿಡು” ಅಂದಿದ್ದ. ಹೇಳಿದನೋ ಇಲ್ಲವೋ ಗೊತ್ತಿಲ್ಲ. ಡೆಲ್ಫಿ ಬದುಕಿದ್ದಾಳೆ ಎಂಬ ಸುದ್ದಿ ಚಳಿಗಾಲದಲ್ಲಿ ಒಂದು ಸಲ ಬಂದಿತ್ತು. ಅಷ್ಟೇ.

ಓಡಿಹೋಗಬಹುದಿತ್ತಲ್ಲ ಎಂದು ಕೇಳುವವರು ಆ ದಾರಿಯಲ್ಲಿ ನಡೆದವರಲ್ಲ. ಪಕ್ಕದ ಕಂಪನಿಯ ಅಡುಗೆಯವನು ಕಾಡಿಗೆ ನುಗ್ಗಿದ್ದ. ಸವಾರರು ಅವನನ್ನು ಎಳೆದು ತಂದು ದಾರಿ ಬದಿಯ ಓಕ್ ಮರಕ್ಕೆ ನೇತು ಹಾಕಿದರು. ಸಾಯುತ್ತಿದ್ದ ದಂಡಿಗೂ ಅಷ್ಟಕ್ಕೆ ಪುರುಸೊತ್ತು ಇತ್ತು.

ಭಾನುವಾರ ಬೆಳಿಗ್ಗೆ ಅಪೊಮ್ಯಾಟಕ್ಸ್ ಎಂಬ ಪುಟ್ಟ ಊರಿನ ಹೊರಗೆ ದಂಡು ನಿಂತಿತು. ಮುಂದೆ ಹೋಗಲು ದಾರಿ ಇರಲಿಲ್ಲ. ದಿಬ್ಬದ ಮೇಲಿನ ಮರಗಳ ಸಾಲಿನಿಂದ ನೀಲಿ ಅಂಗಿಯವರು ಹೊರಗೆ ಬಂದರು. ಮೊದಲು ಬಿಳಿಯರು. ಅವರ ಪಕ್ಕದಲ್ಲಿ ಇನ್ನೊಂದು ಸಾಲು. ಮಿಂಗೋ ಪೆಟ್ಟಿಗೆಯ ಹಿಂದೆ ಅಡಗಿದ್ದವನು ತಲೆ ಎತ್ತಿ ನೋಡಿದ. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದ. ಕರಿಯರು. ನೂರು ಇನ್ನೂರಲ್ಲ, ಸಾವಿರಾರು ಕರಿಯರು. ನೀಲಿ ಅಂಗಿ, ಹಿತ್ತಾಳೆ ಗುಂಡಿ, ಕೈಯಲ್ಲಿ ಬಂದೂಕು. ಬೂದು ಅಂಗಿಯವರ ದಾರಿಗೆ ಅಡ್ಡ ನಿಂತಿದ್ದರು.



ಕ್ಯಾಪ್ಟನ್ ಟ್ಯಾರಂಟ್ ಓಡುತ್ತಾ ಬಂದ. ಗಡ್ಡಕ್ಕೆ ಮಣ್ಣು ಮೆತ್ತಿತ್ತು. “ಮಿಂಗೋ! ಬಿಳಿ ಬಟ್ಟೆ ಕೊಡು. ಬೇಗ.”

“ಬಿಳಿ ಬಟ್ಟೆ ಎಲ್ಲದೆ ಧಣಿ? ಪಾತ್ರೆ ಒರೆಸೋದ್ ಒಂದೈತೆ. ಮಸಿ ಆಗದೆ.”

“ತೊಳಿ ಅದನ್ನ.”

ಅರ್ಧ ದೇಶವನ್ನು ಒಡೆದು ಹೊಸ ದೇಶ ಕಟ್ಟುತ್ತೇವೆಂದು ಹೊರಟವರ ಹತ್ತಿರ ಸೋಲಲಿಕ್ಕೆ ಒಂದು ಬಿಳಿ ಬಟ್ಟೆ ಇರಲಿಲ್ಲ. ಮಿಂಗೋ ಹಳ್ಳಕ್ಕೆ ಇಳಿದ. ಬೂದಿ ಹಾಕಿ ಉಜ್ಜಿದ, ಕಲ್ಲಿಗೆ ಬಡಿದ, ಹಿಂಡಿದ. ತಲೆಯ ಮೇಲೆ ಗುಂಡು ಹಾರುತ್ತಿತ್ತು. ಮಸಿ ಪೂರ್ತಿ ಬಿಡಲಿಲ್ಲ. ಅದನ್ನೇ ಒಂದು ಕೋಲಿಗೆ ಕಟ್ಟಿ ಕ್ಯಾಪ್ಟನ್ ತನ್ನ ಕಂಪನಿಯ ಮುಂದೆ ನೆಟ್ಟ. ಸ್ವಲ್ಪ ಹೊತ್ತಿಗೆ ಎಲ್ಲಾ ಕಡೆಯೂ ಗುಂಡು ನಿಂತಿತು. ನಾಲ್ಕು ವರ್ಷದ ಮೇಲೆ ಒಂದು ಹಕ್ಕಿಯ ಕೂಗು ಕೇಳಿಸಿತು.

ಸಂಜೆಯ ಹೊತ್ತಿಗೆ ದಂಡಿನ ದೊಡ್ಡ ಜನರಲ್ ಹಳ್ಳಿಯ ಒಂದು ಮನೆಯಲ್ಲಿ ಕೂತು ಸೋಲಿನ ಕಾಗದಕ್ಕೆ ಸಹಿ ಹಾಕಿ ಬಂದ ಎಂಬ ಸುದ್ದಿ ಹಬ್ಬಿತು. ಗಂಡಸರು ಮರ ತಬ್ಬಿಕೊಂಡು ಅತ್ತರು. ಕೆಲವರು ಬಂದೂಕನ್ನು ಬಂಡೆಗೆ ಹೊಡೆದು ಮುರಿದರು. ಮಿಂಗೋ ಮತ್ತು ಜೂಬಾ ಒಲೆಯ ಹತ್ತಿರ ಕಾದು ಕೂತರು. ಯಾರಾದರೂ ಬಂದು ಏನಾದರೂ ಹೇಳುತ್ತಾರೆ ಅಂತ. ನೀವು ಬಿಡುಗಡೆಯಾದಿರಿ ಅಂತಲೋ, ಇಲ್ಲ ಅಂತಲೋ. ಯಾರೂ ಬರಲಿಲ್ಲ. ಬಂದವನು ಕ್ಯಾಪ್ಟನ್. ಯಾಂಕಿಗಳು ಹಂಚಿದ ದನದ ಮಾಂಸ, ಒಣ ಬಿಸ್ಕತ್ತು, ಕಾಫಿಪುಡಿ ತಂದು ಮುಂದೆ ಇಟ್ಟ.

“ಕಾಫಿ ಸ್ಟ್ರಾಂಗಾಗಿ ಮಾಡು” ಅಂದ. “ಎರಡು ವರ್ಷ ಆಯ್ತು ನಿಜವಾದ ಕಾಫಿ ಕುಡಿದು.”

ಮಿಂಗೋ ಮಾಡಿದ. ಕ್ಯಾಪ್ಟನ್ ಲೋಟ ಹಿಡಿದು ಪೆಟ್ಟಿಗೆಯ ಮೇಲೆ ಕೂತ. ಟ್ಯಾರಂಟ್ ಹೊಡೆಯುವ ಧಣಿಯಲ್ಲ, ಹೊಡೆಸುವ ಧಣಿ. ಅವನ ಮಾತು ಯಾವಾಗಲೂ ಮೆತ್ತಗೆ.

“ಮರ್ಯಾದಸ್ಥರು ಕಣಯ್ಯ ಯಾಂಕಿಗಳು. ಒಳ್ಳೆ ಷರತ್ತು ಕೊಟ್ಟಿದಾರೆ. ಬಂದೂಕು ಒಪ್ಪಿಸಿ ಮನೆಗೆ ಹೋಗಿ ಅಂದ್ರು. ಅಧಿಕಾರಿಗಳು ತಮ್ಮ ಪಿಸ್ತೂಲು, ಕುದುರೆ, ಸಾಮಾನು ಸರಂಜಾಮು ಇಟ್ಕೋಬಹುದು.” ಒಂದು ಗುಟುಕು ಕುಡಿದ. “ನನ್ನ ಕುದುರೆ ಸತ್ತೋಯ್ತು. ಪಿಸ್ತೂಲು ಇದೆ. ಪೆಟ್ಟಿಗೆ ಇದೆ. ನೀನಿದೀಯ, ಜೂಬಾ ಇದಾನೆ. ಸಾಕು ಬಿಡು.”

ಮಿಂಗೋ ಬಾಣಲೆ ಉಜ್ಜುತ್ತಿದ್ದ. ಕೈ ನಿಂತಿತು. ಮತ್ತೆ ಉಜ್ಜಿದ.

ಸೋಮವಾರ ಇಡೀ ದಿನ ಮಳೆ. ಮಿಂಗೋ ಮಳೆಯಲ್ಲೇ ನಿಂತು ಒಂದು ಯೋಚನೆ ಮಾಡಿದ. ಲಿಂಚ್‌ಬರ್ಗ್ ಇಲ್ಲಿಂದ ಒಂದೂವರೆ ದಿನದ ನಡಿಗೆ. ಚೀಟಿ ಒಂದು ಬೇಕು.

ಚೀಟಿ ಎಂದರೆ ಏನು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಡೆಯಲು ಕಲಿತ ದಿನದಿಂದ ಕಲಿತದ್ದು ಅದು. ಧಣಿ ಬರೆದು ಕೊಟ್ಟ ಚೀಟಿ ಇಲ್ಲದೆ ಕರಿಯನೊಬ್ಬ ದಾರಿಗೆ ಕಾಲಿಟ್ಟರೆ ಎದುರು ಸಿಕ್ಕಿದ ಯಾವ ಬಿಳಿಯನೂ, ಹತ್ತು ವರ್ಷದ ಮಗುವಾದರೂ ಸರಿ, ಹಿಡಿದು ನಿಲ್ಲಿಸಬಹುದು. ಗಸ್ತಿನವರು ಸಿಕ್ಕಿದರೆ ಮೂವತ್ತೊಂಬತ್ತು ಛಡಿ. ಅವನ ಬೆನ್ನ ಮೇಲೆ ಅಂಥ ಒಂದು ಲೆಕ್ಕ ಆಗಲೇ ಇತ್ತು. ಚೀಟಿಯ ಗಡುವು ಒಂದು ಗಂಟೆ ಮೀರಿದ್ದಕ್ಕೆ.

“ಮಾವ, ಧಣಿ ಹತ್ರ ಹೋಗಿ ಲಿಂಚ್‌ಬರ್ಗಿಗೆ ಒಂದು ಚೀಟಿ ಕೇಳ್ತೀನಿ.”

ಜೂಬಾ ಅವನನ್ನೇ ನೋಡಿದ. “ನಿಂಗೇನ್ ತಲೆ ನೆಟ್ಟಗೈತಾ? ದಂಡೇ ಮುಳುಗೋಗೈತೆ. ಇನ್ನೂ ಅವನ ಹತ್ರ ಚೀಟಿ ಕೇಳ್ತೀಯಾ?”

“ದಾರೀಲಿ ಯಾರಾದ್ರೂ ನಿಲ್ಸುದ್ರೆ?”

“ಅದೂ ದಿಟಾನೇ” ಅಂದ ಜೂಬಾ.

ಮಿಂಗೋ ಟೋಪಿ ಕೈಯಲ್ಲಿ ಹಿಡಿದು ಕ್ಯಾಪ್ಟನ್ನನ ಡೇರೆಯ ಮುಂದೆ ನಿಂತ. ಹೇಳಿದ. ಕ್ಯಾಪ್ಟನ್ ಮೊದಲು ಕೇಳಿಸಿಕೊಳ್ಳದವನ ಹಾಗೆ ಇದ್ದ. ಆಮೇಲೆ ಒಂದು ಥರ ನಕ್ಕ.

“ನಾನು ಬರೆದ ಚೀಟಿ ಈಗ ನಾಯಿಯೂ ಮೂಸಲ್ಲ ಮಿಂಗೋ. ನಾನೇ ಚೀಟಿಗೆ ಕಾಯ್ತಾ ಇದೀನಿ. ಯಾಂಕಿಗಳು ಹಳ್ಳಿಯ ಹೋಟ್ಲಲ್ಲಿ ಅಚ್ಚಿನ ಯಂತ್ರ ಇಟ್ಟು ಹಗಲು ರಾತ್ರಿ ಅಚ್ಚು ಹಾಕ್ತಿದಾರೆ. ನಮ್ಮಲ್ಲಿ ಒಬ್ಬೊಬ್ಬನಿಗೂ ಒಂದೊಂದು. ಅದಿಲ್ದೆ ನಾವ್ಯಾರೂ ದಾರೀಲಿ ಓಡಾಡೋ ಹಾಗಿಲ್ಲ.” ಮಾತು ನಿಲ್ಲಿಸಿ ಮಿಂಗೋನನ್ನು ಮೇಲಿಂದ ಕೆಳಗೆ ನೋಡಿದ. “ನಿನಗೂ ಒಂದು ಕೊಡಿಸ್ತೀನಿ. ಪಟ್ಟಿಗೆ ನಿನ್ನ ಹೆಸರು ಸೇರಿಸ್ತೀನಿ. ಅಚ್ಚಾದ ಚೀಟಿ, ಗೊತ್ತಾಯ್ತಾ? ಯಾವನೂ ತಡೆಯಲ್ಲ.”

“ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಧಣಿ” ಅಂದ ಮಿಂಗೋ. ಮನಸ್ಸಿನಿಂದಲೇ ಅಂದ. ಆಮೇಲೆ ಆ ಮಾತು ನೆನಪಾದಾಗಲೆಲ್ಲ ಬಾಯಿ ತೊಳೆದುಕೊಳ್ಳಬೇಕು ಅನ್ನಿಸುತ್ತಿತ್ತು.

ಮಂಗಳವಾರ ಬೆಳಿಗ್ಗೆ ಚೀಟಿಯ ಕಟ್ಟುಗಳು ಬಂದವು. ಕ್ಯಾಪ್ಟನ್ ಬಿಸ್ಕತ್ತಿನ ಖಾಲಿ ಡಬ್ಬಿಯನ್ನು ಮೇಜು ಮಾಡಿಕೊಂಡು, ತಗಡಿನ ಪೆಟ್ಟಿಗೆಯ ಮೇಲೆ ಕೂತು, ಕಂಪನಿಯ ಪಟ್ಟಿ ಬಿಚ್ಚಿದ. ಒಬ್ಬೊಬ್ಬರ ಹೆಸರು ತುಂಬಿ ಸಹಿ ಹಾಕತೊಡಗಿದ. ಮೊದಲನೆಯ ಚೀಟಿಯೇ ಮಿಂಗೋನದು. ಅಡುಗೆ ಮಾಡಬೇಕಲ್ಲ, ಅವನನ್ನು ಕಾಯಿಸಬಾರದು.

“ತಗೋ. ಜೋಪಾನ. ನಾಳೆ ಬೆಳಿಗ್ಗೆ ಹೊರಡೋದು. ಪೆಟ್ಟಿಗೆಗೆ ಇನ್ನೊಂದು ಹಗ್ಗ ನೋಡ್ಕೋ.”

“ನಾನು ಈಗ್ಲೇ ಹೊರಡ್ತೀನಿ ಧಣಿ. ಲಿಂಚ್‌ಬರ್ಗಿಗೆ.”

“ಲಿಂಚ್‌ಬರ್ಗಿಗಾ?” ಕ್ಯಾಪ್ಟನ್ ತಲೆ ಎತ್ತಲಿಲ್ಲ. ಇನ್ನೊಬ್ಬನ ಹೆಸರು ಬರೆಯುತ್ತಿದ್ದ. “ನಾವು ಹೋಗೋದು ದಕ್ಷಿಣಕ್ಕೆ. ಹೋಗು, ನೀರು ತಗೊಂಡು ಬಾ.”

ಮಿಂಗೋ ಬಕೆಟ್ಟು ಹಿಡಿದು ಹಳ್ಳದ ಕಡೆ ಹೋದ. ಹಳ್ಳದ ಆ ದಡದಲ್ಲಿ ನೀಲಿ ಅಂಗಿಯ ಕರಿಯರು ಬುತ್ತಿಚೀಲ ಕಟ್ಟುತ್ತಿದ್ದರು. ಹೊರಡುವ ಗಡಿಬಿಡಿ. ತೋಳಿನ ಮೇಲೆ ಮೂರು ಪಟ್ಟಿ ಇದ್ದವನೊಬ್ಬ ಕಲ್ಲಿನ ಮೇಲೆ ಕೂತು ಗಡ್ಡ ಹೆರೆದುಕೊಳ್ಳುತ್ತಿದ್ದ. ಇನಾಸ್ ಪರ್ನೆಲ್ ಅಂತ, ಸಾರ್ಜೆಂಟು. ಮೇರಿಲ್ಯಾಂಡಿನಲ್ಲಿ ಗುಲಾಮನಾಗಿದ್ದು ಓಡಿಬಂದು ದಂಡು ಸೇರಿದವನು.

“ಅಣ್ಣಾ, ನಿಂಗೆ ಓದಕ್ ಬತ್ತದಾ?”

“ಬರ್ತದೆ. ಸರ್ಕಾರ ಗುಂಡು ಹೊಡಿಯೋದ್ನೂ ಕಲಿಸ್ತು, ಓದೋದ್ನೂ ಕಲಿಸ್ತು. ಕೊಡಿಲ್ಲಿ.”

ಮಿಂಗೋ ನೀರು ದಾಟಿ ಹೋಗಿ ಚೀಟಿ ಕೊಟ್ಟ. ಪರ್ನೆಲ್ ಕೈ ಒರೆಸಿಕೊಂಡು ಓದಿದ. ಅರ್ಧ ಕೆನ್ನೆಗೆ ಸೋಪು ಹಾಗೇ ಇತ್ತು. ಓದಿ ಮುಗಿಸಿ ಮಿಂಗೋನನ್ನು ದುರುಗುಟ್ಟಿ ನೋಡಿದ.

“ನೀನು ನಮ್ಮ ಮೇಲೆ ಗುಂಡು ಹಾರಿಸ್ದೋನಾ?”

“ನಾನಾ? ಬಾಣ್ಲೆ ಹಿಡ್ದೋನು ಅಣ್ಣಾ ನಾನು.”

“ಮತ್ತೆ ಇದ್ರಲ್ಲಿ ಏನಂತ ಬರ್ದದೆ ಗೊತ್ತಾ? ಕೇಳು. ‘ಇದನ್ನು ಹೊಂದಿರುವ ಮಿಂಗೋ, ಅಡುಗೆಯವನು, ಅಲಬಾಮಾ ಪಡೆಯ ಕ್ಯಾಪ್ಟನ್ ಟ್ಯಾರಂಟರ ಕಂಪನಿ, ಶರಣಾದ ಸೇನೆಯ ಸೆರೆಯಾಳು. ಇವನು ತನ್ನ ಮನೆಗೆ ಹೋಗಿ ಅಲ್ಲಿಯೇ ಇರಲು ಅಪ್ಪಣೆ ಇದೆ.’ ಮನೆ ಎಲ್ಲಿ ಅಂತ ಕೈಯಲ್ಲಿ ಬರ್ದವ್ನೆ. ಸೆಲ್ಮಾ, ಅಲಬಾಮಾ. ನಿನ್ ಮನೆ ಸೆಲ್ಮಾನಾ?”

“ಆ ಊರು ನಾನು ನೋಡೇ ಇಲ್ಲ.”

“ಹಂಗಾದ್ರೆ ನೋಡ್ತೀಯ. ಈ ಚೀಟಿ ಇಟ್ಕೊಂಡ್ರೆ ನೀನು ಅವರವನು. ಸೋತ ದಂಡಿನೋನು. ಆ ಕ್ಯಾಪ್ಟನ್ ಹಿಂದೆ ಹೋಗ್ಬೇಕು, ಅವನು ಇಟ್ಟ ಕಡೆ ಬಿದ್ದಿರಬೇಕು. ಅಲಬಾಮಾದಲ್ಲಿ ನಿನ್ನ ಯಾರ್ ಹುಡುಕ್ತಾರೆ?”

ಮಿಂಗೋಗೆ ತಾನು ಧಣಿಗೆ ದೇವರು ಚೆನ್ನಾಗಿಟ್ಟಿರಲಿ ಎಂದಿದ್ದು ನೆನಪಾಯಿತು.

“ಅಣ್ಣಾ, ನೀನೇ ಒಂದು ಬರ್ಕೊಡು. ನೀನೂ ಸರ್ಕಾರದೋನಲ್ವಾ? ಇವನು ಲಿಂಚ್‌ಬರ್ಗಿಗೆ ಹೋಗ್ಬೋದು ಅಂತ ಒಂದು ಗೆರೆ.”

ಪರ್ನೆಲ್‌ಗೆ ಸಿಟ್ಟು ಬಂತು. ಎದ್ದು ನಿಂತ. “ಎಷ್ಟು ಜನಕ್ಕೆ ಹೇಳಲಪ್ಪಾ ಇದನ್ನ! ಬೆಳಿಗ್ಗೆಯಿಂದ ನೀನು ಏಳನೆಯವನು. ಎಲ್ರೂ ಕೇಳೋದು ಅದೇ, ಚೀಟಿ ಕೊಡಿ, ಚೀಟಿ ಕೊಡಿ. ಯಾರು ಕೊಡ್ಬೇಕೋ ನಿಂಗೆ ಅಪ್ಪಣೆ? ಈಗ ಚೀಟಿ ಬೇಕಾಗಿರೋದು ಅವ್ರಿಗೆ. ನಿಂಗಲ್ಲ. ನೀನು ಈಗ ಏನಾಗಿದೀಯೋ ಅದಕ್ಕೆ ಚೀಟಿ ಅನ್ನೋದೇ ಇಲ್ಲ.”

“ದಾರೀಲಿ ಹೊಡುದ್ರೆ?”

“ಹೊಡೀಬೋದು. ಹೊಡಿಯಲ್ಲ ಅಂತ ನಾನು ಸುಳ್ ಹೇಳಲ್ಲ. ಚೀಟಿ ಇದ್ರೂ ಹೊಡೀತಿದ್ರಲ್ಲ.” ಸ್ವರ ತಗ್ಗಿಸಿದ. “ನಮ್ ಜೊತೆ ಬಾ ತಮ್ಮಾ. ಇನ್ನೊಂದು ಗಂಟೇಲಿ ಹೊರಡ್ತೀವಿ. ನಮ್ಗೂ ಅಡುಗೆಯೋರು ಬೇಕು. ಸಂಬ್ಳ ಕೊಡ್ತಾರೆ.”

“ಯಾವ್ ಕಡೆ ಹೋಯ್ತೀರಿ?”

“ಮೂಡಲಕ್ಕೆ. ಪೀಟರ್ಸ್‌ಬರ್ಗಿಗೆ.”

ಮಿಂಗೋ ತಲೆ ಅಲ್ಲಾಡಿಸಿದ. “ನನ್ ಹೆಂಡ್ತಿ ಇರೋದು ಪಡುವಣಕ್ಕೆ.”

ಪರ್ನೆಲ್ ಚೀಟಿ ವಾಪಸ್ಸು ಕೊಟ್ಟ. “ಹಂಗಾದ್ರೆ ಒಂದ್ ಕೆಲ್ಸ ಮಾಡು. ಇದನ್ನ ಸುಮ್ನೆ ಎಸೆದು ಹೋಗ್ಬೇಡ. ಅವನ ಪಟ್ಟೀಲಿ ನಿನ್ ಹೆಸ್ರು ಇರ್ತದೆ. ಅವನ ಕಂಪನಿಯೋನು ಯಾವನಾದ್ರೂ ದಾರೀಲಿ ಸಿಕ್ಕಿ, ಇವನು ನಮ್ಮೋನು, ಸೆರೆಯಾಳು, ತಪ್ಪಿಸ್ಕೊಂಡವ್ನೆ ಅಂದ್ರೆ ನಮ್ ಕಡೆ ಬಿಳಿಯೋರೇ ಹಿಡ್ದು ಒಪ್ಪಿಸ್ತಾರೆ. ಕಾಗ್ದಕ್ಕೆ ಅವ್ರು ಕೊಡೋ ಬೆಲೆ ನಮ್ಗೆ ಕೊಡಲ್ಲ. ಮೊದ್ಲು ಹೆಸ್ರು ಹೊಡೆಸು.”

ಮಿಂಗೋ ಬಕೆಟ್ಟನ್ನು ಅಲ್ಲೇ ಬಿಟ್ಟು ಹಿಂದಕ್ಕೆ ಬಂದ. ಹಳ್ಳದಿಂದ ಕ್ಯಾಪ್ಟನ್ನನ ಮೇಜಿಗೆ ಇನ್ನೂರು ಹೆಜ್ಜೆ ಇರಬಹುದು. ಆ ಇನ್ನೂರು ಹೆಜ್ಜೆಯಲ್ಲಿ ಎರಡು ಸಲ ನಿಂತ. ಮುಖಕ್ಕೆ ಮುಖ ಕೊಟ್ಟು ಬಿಳಿಯನ ಹತ್ತಿರ ಒಂದು ವಸ್ತುವನ್ನು ‘ಬೇಡ’ ಎಂದು ಅವನು ಹುಟ್ಟಿದಾಗಿನಿಂದ ಅಂದವನಲ್ಲ.

ಮೇಜಿನ ಮುಂದೆ ಮೂವತ್ತು ನಲವತ್ತು ಜನ ಸಿಪಾಯಿಗಳ ಸಾಲು. ಹರಿದ ಬಟ್ಟೆ, ಹೇನು, ಒಡೆದ ಪಾದ. ಮಿಂಗೋ ಸಾಲಿನ ಪಕ್ಕದಿಂದ ಹೋಗಿ ಚೀಟಿಯನ್ನು ಡಬ್ಬಿಯ ಮೇಲೆ ಇಟ್ಟ.

“ಇದು ಬ್ಯಾಡ ಧಣಿ. ತಗೊಳ್ಳಿ.”

“ನೀರು ಎಲ್ಲಿ?”

“ನೀರು ತಂದಿಲ್ಲ. ಪಟ್ಟೀಲಿ ನನ್ ಹೆಸ್ರು ಹೊಡೆದಾಕಿ.”

ಕ್ಯಾಪ್ಟನ್ ಈಗ ತಲೆ ಎತ್ತಿದ. ಸಾಲಿನಲ್ಲಿ ಗುಸುಗುಸು ನಿಂತಿತು.

“ಯಾರು ಹೇಳಿಕೊಟ್ರು ನಿನಗೆ?”

“ಯಾರ್ ಹೇಳ್ಕೊಟ್ರೆ ಏನು. ಸೋತ ದಂಡಿನೋನು ಅಂತ ಬರ್ದಿದೀರಿ. ನಾನು ನಿಮ್ ದಂಡಲ್ಲ. ನಾನು ಗುಂಡು ಹೊಡೀಲಿಲ್ಲ, ನಾನು ಸೋಲ್ಲೂ ಇಲ್ಲ. ಸೋತೋರು ನೀವು. ಸೋತೋರ ಪಟ್ಟೀಲಿ ನನ್ ಹೆಸ್ರು ಯಾಕೆ?”

“ಕೊಬ್ಬು ನೋಡ್ರೋ ಈ ಕರಿಯಂದು!” ಎಂದು ಸಾಲಿನ ಹಿಂದಿನಿಂದ ಯಾವನೋ ಕೂಗಿದ. “ಒಂದು ಬಿಡಿ ಕ್ಯಾಪ್ಟನ್ ಅವನಿಗೆ!”

ಕ್ಯಾಪ್ಟನ್ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದ. ಮಾತು ಎಂದಿನ ಹಾಗೆ ಮೆತ್ತಗೇ ಇತ್ತು. “ಮಿಂಗೋ. ನಿನಗೆ ಒಳ್ಳೇದಾಗ್ಲಿ ಅಂತ ಮಾಡಿದ್ದು ಇದು. ಈ ಕಾಗದ ಇಲ್ದೆ ಹೋಗು, ಹತ್ತು ಮೈಲಿ ದಾಟಲ್ಲ ನೀನು. ಯಾವುದಾದ್ರೂ ಮರದಲ್ಲಿ ನೇತಾಡ್ತೀಯ. ಎರಡು ವರ್ಷ ನಿನಗೆ ಉಣ್ಣಿಸಿದ್ದು ಯಾರು ಅನ್ನೋದಾದ್ರೂ ನೆನಪಿದೆಯಾ?”

ಮಿಂಗೋಗೆ ಒಳಗೆ ಎಲ್ಲೋ ಹತ್ತಿಕೊಂಡಿತು. ಹುರಿದ ಜೋಳದ ಹಾಗೆ ಸಿಡಿಯಿತು.

“ಉಣ್ಸಿದ್ದಾ? ಉಣ್ಸಿದ್ದು ನಾನು ಧಣಿ! ದಿನಕ್ಕೆ ಮೂರು ಹೊತ್ತು. ಹಿಟ್ಟಿಲ್ದಿದ್ರೆ ತವುಡು ತಂದು ಬೇಯ್ಸಿದೆ. ಹಂದಿ ಇಲ್ದಿದ್ರೆ ಇಲಿ ಹಿಡ್ದು ಸುಟ್ಟು ಮೊಲ ಅಂತ ಕೊಟ್ಟೆ. ತಿಂದ್ರಲ್ಲ! ತಟ್ಟೆ ಹಿಡಿದೋರು ನೀವು. ಹಾಕ್ದೋನು ನಾನು. ನಾನು ತಿಂದಿದ್ದು ನಿಮ್ ಪಾತ್ರೆ ತಳದ ಕರಿಕು!”

ಸಾಲಿನಲ್ಲಿ ಯಾರೋ “ಇಲಿಯಾ?” ಅಂದ. ಯಾರೋ ಕಿಸಕ್ಕನೆ ನಕ್ಕ.

ಕ್ಯಾಪ್ಟನ್ನನ ಮುಖ ಕೆಂಪಾಯಿತು. ನಗು ಕೇಳಿಸಿದ್ದೇ ಅವನಿಗೆ ತಡೆಯಲಾಗಲಿಲ್ಲ. ಬಲಗೈ ಸೊಂಟಕ್ಕೆ ಹೋಯಿತು. ಷರತ್ತಿನಲ್ಲಿ ಇಟ್ಟುಕೊಳ್ಳಲು ಬಿಟ್ಟಿದ್ದ ಪಿಸ್ತೂಲು ಹೊರಗೆ ಬಂತು. ಅದನ್ನು ಪಟ್ಟಿಯ ಮೇಲೆ ಇಟ್ಟ. ಮೂತಿ ಮಿಂಗೋನ ಹೊಟ್ಟೆಯ ಕಡೆ.

“ಬಕೆಟ್ಟು ತಗೊಂಡು ಬಾ” ಅಂದ.

ಮಿಂಗೋ ಮೂತಿಯನ್ನು ನೋಡಿದ. ಅದು ಅವನೇ ಎಷ್ಟೋ ಸಲ ಎಣ್ಣೆ ಹಾಕಿ ಒರೆಸಿದ ಪಿಸ್ತೂಲು. ಕಾಲು ಓಡು ಓಡು ಎನ್ನುತ್ತಿತ್ತು. ಬೆವರು ಸೊಂಟದ ಹುಣ್ಣಿಗೆ ಇಳಿದು ಚುರುಗುಟ್ಟಿತು. ಒಲೆಯ ಹತ್ತಿರದಿಂದ ಜೂಬಾ ಎದ್ದು ಬಂದು ನಾಲ್ಕು ಮಾರು ದೂರದಲ್ಲಿ ನಿಂತ. ಅಲ್ಲೇ ನಿಂತ.

“ನನ್ ಹೆಸ್ರು ಹೊಡೆದಾಕಿ.”

“ಲೇ...”

“ಹೊಡೆದಾಕಿ ಧಣಿ. ಇಲ್ದಿದ್ರೆ ಗುಂಡು ಹೊಡೀರಿ. ಹಳ್ಳದಾಚೆ ನೀಲಿ ಅಂಗಿ ನಮ್ಮೋರವ್ರೆ. ಸದ್ದು ಕೇಳಿಸ್ತದೆ. ಆಮ್ಯಾಕೆ ನಿಮ್ಗೆ ಯಾವ್ ಚೀಟಿ ಕೊಡ್ತಾರೋ ನೋಡ್ವಾ.”

ಸಾಲಿನ ಮುಂದೆ ನಿಂತಿದ್ದವನು ಒಬ್ಬ ಬಡಕಲು ಸಿಪಾಯಿ. ಒಂದು ಕಾಲಿಗೆ ಚಿಂದಿ ಸುತ್ತಿತ್ತು, ಇನ್ನೊಂದು ಬರಿಗಾಲು. ಅವನಿಗೆ ಮಿಂಗೋ ಮೇಲೆ ಪ್ರೀತಿ ಏನೂ ಇರಲಿಲ್ಲ. ಆದರೆ ಅವನು ಬೆಳಗಿನಿಂದ ನಿಂತಿದ್ದ.

“ಹೋಗ್ಲಿ ಬಿಡ್ರಿ ಕ್ಯಾಪ್ಟನ್ ಸಾಹೇಬ್ರೆ” ಅಂದ. “ನಾನು ಎಂಟುನೂರು ಮೈಲಿ ನಡೀಬೇಕು. ಬಿತ್ತನೆ ಹೊತ್ತು ಮೀರಿಹೋಯ್ತದೆ. ನಿಮ್ಮ ಅಡುಗೆಯೋನ ಪಂಚಾಯ್ತಿ ಮುಗಿಸ್ರಿ. ಯಾಂಕಿಗಳು ಓಡಿ ಬಂದ್ರೆ ನಮ್ಗೂ ಚೀಟಿ ಇಲ್ಲ, ನಿಮ್ಗೂ ಇಲ್ಲ.”

“ಹೌದೌದು, ಮುಗಿಸ್ರಿ” ಎಂದು ಹಿಂದಿನಿಂದ ಇನ್ನೆರಡು ದನಿ. “ಮನೆಗೆ ಹೋಗೋಣ.”

ಕ್ಯಾಪ್ಟನ್ ತನ್ನ ಸಿಪಾಯಿಗಳ ಮುಖ ನೋಡಿದ. ಇವರೇ ಅವನು ಹೇಳಿದ ಕಡೆ ನಾಲ್ಕು ವರ್ಷ ಸಾಯಲು ಹೋದವರು. ಈಗ ಒಬ್ಬನೂ ಅವನ ಕಡೆ ಇರಲಿಲ್ಲ. ಪೆನ್ನು ತೆಗೆದು ಮಸಿಯಲ್ಲಿ ಅದ್ದಿ ಪಟ್ಟಿಯ ಮೇಲೆ ಸರ್ರನೆ ಒಂದು ಗೆರೆ ಎಳೆದ.

“ಆಯ್ತು. ತೊಲಗು.”

ಮಿಂಗೋ ಕದಲಲಿಲ್ಲ. ಗೆರೆ ಎಳೆದದ್ದು ಕಂಡಿತ್ತು. ಯಾರ ಹೆಸರ ಮೇಲೆ ಎಳೆದದ್ದು ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಬಡಕಲು ಸಿಪಾಯಿಯ ಕಡೆ ತಿರುಗಿದ. ಈ ಕಂಪನಿಯಲ್ಲಿ ಅವನಿಗೆ ಓದು ಬರುತ್ತಿತ್ತು, ಮಿಕ್ಕವರ ಕಾಗದ ಓದಿ ಹೇಳುತ್ತಿದ್ದವನು ಅವನೇ.

“ಅದು ನನ್ ಹೆಸ್ರಾ?”

ಸಿಪಾಯಿ ಬಗ್ಗಿ ನೋಡಿದ. ಕ್ಯಾಪ್ಟನ್ನನ ಮುಖ ನೋಡಿದ. ಮೂಗು ಸೀಟಿ ಕೈ ಒರೆಸಿಕೊಂಡ. “ಅಲ್ಲ. ಅದು ಸತ್ತ ಸಾರ್ಜೆಂಟಂದು. ನಿಂದು ಕೊನೇಲಿ ಐತೆ. ಇಗಾ, ಇದು.” ಉಗುರಿನ ಕೆಳಗೆ ಮಣ್ಣು ತುಂಬಿದ ಬೆರಳನ್ನು ಅಲ್ಲಿ ಊರಿದ.

ಮಿಂಗೋ ಕೈ ಚಾಚಿ ಕ್ಯಾಪ್ಟನ್ನನ ಬೆರಳುಗಳ ನಡುವಿನಿಂದ ಪೆನ್ನು ತೆಗೆದುಕೊಂಡ. ಕಿತ್ತುಕೊಳ್ಳಲಿಲ್ಲ, ತೆಗೆದುಕೊಂಡ. ಕರಿಯನೊಬ್ಬ ಪೆನ್ನು ಮುಟ್ಟಿದರೆ ಬೆರಳು ಕತ್ತರಿಸುವ ಧಣಿಗಳನ್ನು ಅವನು ನೋಡಿದ್ದ. ಹಿಡಿಯುವುದು ಹೇಗೆಂದು ತಿಳಿಯದೆ ಸೌಟು ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದ. ಸಿಪಾಯಿ ತೋರಿಸಿದ ಕಡೆ ಪೆನ್ನು ಇಟ್ಟು ಒತ್ತಿದ. ಒಂದು ಗೆರೆ. ಕಾಗದ ಹರಿಯಿತು. ಇನ್ನೊಂದು ಗೆರೆ. ಮಸಿ ಚೆಲ್ಲಿ ಆ ಹೆಸರು ಇದ್ದ ಜಾಗ ಕಪ್ಪಾಯಿತು. ಅವನು ಬದುಕಿನಲ್ಲಿ ಮೊದಲ ಸಲ ಬರೆದದ್ದು ಅದು.

ಪೆನ್ನು ಇಟ್ಟ. ಜೂಬಾನ ಹತ್ತಿರ ಹೋದ.

“ಮಾವ, ಬಾ. ಹೋಗಾನ.”

ಮುದುಕನ ಕಣ್ಣು ತುಂಬಿತ್ತು. “ನನ್ ಮಕ್ಳು ಅಲಬಾಮಾದಾಗವ್ರೆ ಮಗಾ. ನಂಗೆ ಈ ಪಿಸ್ತೂಲ್ ಹಿಂದೆನೇ ದಾರಿ. ಊರ್ ಮುಟ್ಟೋಗಂಟ ಅವನ ಚೀಟಿ, ಮುಟ್ಟಿದ್ ಮ್ಯಾಲೆ ನನ್ ಕಾಲು. ನೀನ್ ಹೋಗು. ಓಡ್ಬ್ಯಾಡ ಕಣ್ಲಾ. ಓಡುದ್ರೆ ಹೊಡೀತಾನೆ. ನಡ್ಕೊಂಡ್ ಹೋಗು.”

ಮಿಂಗೋ ನಡೆದ. ಎದುರಿಗೆ ಬಯಲು. ಎಡಕ್ಕೆ ಬೂದು ಅಂಗಿಯವರು ಗುಂಪು ಗುಂಪಾಗಿ, ಬಲಕ್ಕೆ ನೀಲಿ ಅಂಗಿಯವರು. ನಡುವೆ ಕೆಸರಿನ ದಾರಿ. ಬೆನ್ನ ಹಿಂದೆ ಕ್ಯಾಪ್ಟನ್ ಒಂದು ಸಲ ಅವನ ಹೆಸರು ಕೂಗಿದ. ಬೆನ್ನಿನ ಚರ್ಮ ಒಂದು ಕಡೆ ಬಿಗಿದುಕೊಂಡಿತು, ಗುಂಡು ಅಲ್ಲೇ ಬೀಳುವುದು ಎಂಬ ಹಾಗೆ. ಮಿಂಗೋ ಹೆಜ್ಜೆ ಎಣಿಸಿದ. ಅವನಿಗೆ ಇಪ್ಪತ್ತರವರೆಗೆ ಎಣಿಕೆ ಬರುತ್ತಿತ್ತು. ಇಪ್ಪತ್ತು ಮುಗಿದರೆ ಮತ್ತೆ ಒಂದು. ಎಷ್ಟು ಇಪ್ಪತ್ತು ಆಯಿತೋ. ಗುಂಡು ಬೀಳಲಿಲ್ಲ. ಬಯಲು ಮುಗಿಯಿತು.

ದಾರಿಯಲ್ಲಿ ಮೂರು ಕಡೆ ನಿಲ್ಲಿಸಿದರು. ಒಂದು ಕಡೆ ಕೆನ್ನೆಗೆ ಹೊಡೆದರು. ಎಲ್ಲಿಗೆ ಅಂದರು. ಹೆಂಡತಿ ಹತ್ತಿರ ಅಂದ. ಯಾರ ಕಡೆಯವನು ಅಂದರು. ಅವಳ ಕಡೆಯವನು ಅಂದ. ಹೊಡೆದವನೂ ಹಸಿದವನೇ, ಇನ್ನೊಂದು ಏಟಿಗೆ ತ್ರಾಣ ಇರಲಿಲ್ಲ.

ಬುಧವಾರ ನಡು ಮಧ್ಯಾಹ್ನ ಲಿಂಚ್‌ಬರ್ಗಿನ ಆಸ್ಪತ್ರೆಯ ಹಿತ್ತಲು. ದೊಡ್ಡ ಕಡಾಯಿಗಳಲ್ಲಿ ನೀರು ಕುದಿಯುತ್ತಿತ್ತು. ಸಾಲು ಸಾಲು ಹಗ್ಗಗಳಿಗೆ ಹಾಸಿನ ಬಟ್ಟೆ ಹರವಿತ್ತು, ಎಷ್ಟು ಒಗೆದರೂ ಹೋಗದ ರಕ್ತದ ಕಲೆಗಳು. ಡೆಲ್ಫಿ ಕೋಲಿನಿಂದ ಕಡಾಯಿ ತಿರುವುತ್ತಿದ್ದಳು. ಮೊಣಕೈವರೆಗೆ ಸುಣ್ಣದ ನೀರಿಗೆ ಬೆಂದ ಕೈ. ಹಬೆಯ ಆಚೆ ನಿಂತವನನ್ನು ನೋಡಿದಳು. ಕೋಲು ಕಡಾಯಿಗೆ ಬಿತ್ತು.

ಓಡಿ ಬಂದು ತಬ್ಬಿಕೊಳ್ಳಲಿಲ್ಲ ಅವಳು. ಸುತ್ತ ನೋಡಿದಳು, ತೋಳು ಹಿಡಿದು ಒದ್ದೆ ಬಟ್ಟೆಗಳ ಹಿಂದಕ್ಕೆ ಅವನನ್ನು ಎಳೆದಳು.

“ಅಯ್ಯೋ ದೇವ್ರೇ, ಮಿಂಗೋ! ಇವತ್ತು ಬುಧ್ವಾರ! ಹಾಡಹಗಲು! ಓಡಿ ಬಂದ್ಯಾ? ಯಾರಾದ್ರೂ ನೋಡುದ್ರಾ? ಕೂತ್ಕೋ, ಕೆಳಗೆ ಕೂತ್ಕೋ!”

ಮದುವೆಯಾಗಿ ಅವನನ್ನು ಮಾರುವವರೆಗಿನ ಆರು ವರ್ಷವೂ ಅವನು ಅವಳ ಹತ್ತಿರ ಬಂದದ್ದು ಧಣಿಯ ಚೀಟಿ ಹಿಡಿದು, ಶನಿವಾರ ಕತ್ತಲಾದ ಮೇಲೆ. ಹೋದದ್ದು ಭಾನುವಾರ ಬೆಳಕು ಹರಿಯುವ ಮೊದಲು. ವಾರದ ಬೇರೆ ದಿನಗಳಲ್ಲಿ ಅವನ ಮುಖ ಹೇಗಿರುತ್ತದೆ ಎಂದು ಅವಳು ಕಂಡಿರಲೇ ಇಲ್ಲ.

ಮಿಂಗೋ ಕೂರಲಿಲ್ಲ. ಹಗ್ಗದ ಮೇಲಿನ ಬಟ್ಟೆಯನ್ನು ಒಂದು ಕೈಯಲ್ಲಿ ಸರಿಸಿದ. ಬಿಸಿಲು ಇಬ್ಬರ ಮುಖಕ್ಕೂ ಬಿತ್ತು.

“ಯಾರ್ ಬಿಟ್ರು ನಿನ್ನ?” ಎಂದಳು ಅವಳು. “ಹೇಳು, ಯಾರ್ ಬಿಟ್ರು?”

“ಯಾರೂ ಬಿಡ್ಲಿಲ್ಲ ಕಣೇ” ಅಂದ ಮಿಂಗೋ. “ಬಂದೆ.”